ಕರಿಗುಂಡಿಗೆ ನಾನು ಮಾಡಿಸಿದ ಸ್ನಾನ

2006ನೇ ಇಸವಿ, ಜನವರಿ 22, ಭಾನುವಾರ, ಬೆಳಿಗ್ಗೆ ಆರೂವರೆ. ನನ್ನ ಡೈರಿಯಲ್ಲಿ ಆ ದಿನದ ಪುಟ ಹೀಗೆ ಶುರುವಾಗುತ್ತದೆ: "ಹವೆ ಸ್ವಚ್ಛ. ಮನಸ್ಸು ಉಲ್ಲಾಸ. ಕರಿಗುಂಡಿನ ಫೋಟೋ ತೆಗೆಯಲು ಹೊರಟೆವು." ಈಗ ಈ ಮೂರು ವಾಕ್ಯ ಓದಿದರೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸುತ್ತದೆ. ಹವೆ ಸ್ವಚ್ಛ ಎಂಬುದಂತೂ ಹಸಿ ಸುಳ್ಳು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಮನೆ ಇರುವವರು ಹವೆಯ ವಿಷಯ ಬರೆಯಲೇಬಾರದು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುವುದಕ್ಕೆ ಶುರುವಾದ ಮೇಲೆ ನಮ್ಮಲ್ಲಿ ಹವೆ ಎಂದರೆ ಕೆಂಪು ಧೂಳಿನ ನಡುವೆ ಉಳಿದಿರುವ ಸಂದು, ಅಷ್ಟೆ.

ಧೂಳಿನ ಊರಿನಲ್ಲಿ ಬದುಕುವವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕೆಮ್ಮಿನ ಮಾತಲ್ಲ, ಅದು ಇದ್ದದ್ದೇ. ನಾನು ಹೇಳುವುದು ತೊಳೆಯುವ ರೋಗ. ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಒರೆಸದೆ ಮುಟ್ಟುವ ಹಾಗಿಲ್ಲ. ಒರೆಸುವ ಮುಂಚೆ ಒರೆಸುವ ಬಟ್ಟೆಯನ್ನೇ ಕೊಡವಬೇಕು. ಕೊಡವಿದ ಮೇಲೆ ಕೊಡವಿದ ಜಾಗ ಗುಡಿಸಬೇಕು. ಅಪ್ಪ ಬೆಳಗಿನ ಪೇಪರನ್ನು ಬಾಗಿಲ ಹೊರಗೆ ನಿಂತು ಎರಡು ಸಲ ಝಾಡಿಸಿ ಒಳಗೆ ತರುತ್ತಾರೆ. ಅವ್ವ ತುಳಸಿ ಗಿಡದ ಎಲೆಗಳನ್ನು ಒಂದೊಂದಾಗಿ ತೊಳೆಯುತ್ತಾಳೆ. ಮನೆಗೆ ಬಂದವರು ಕುರ್ಚಿಯ ಮೇಲೆ ಕೂರಲು ಬಗ್ಗಿದರೆ ಸಾಕು, ಅವರು ಕುಳಿತುಕೊಳ್ಳುವುದಕ್ಕೂ ಕುರ್ಚಿಗೂ ನಡುವೆ ಅವ್ವನ ಕೈ ಒಮ್ಮೆ ಬಟ್ಟೆ ಸಮೇತ ಹಾದುಹೋಗುತ್ತದೆ. ಹಳೆಯ ನೆಂಟರು ಇದಕ್ಕೆ ಒಗ್ಗಿಕೊಂಡು ಅರ್ಧ ಬಗ್ಗಿ ಒಂದು ಕ್ಷಣ ತಡೆಯುತ್ತಾರೆ.

ಈ ರೋಗ ನನಗೂ ಬಂದಿದೆ, ಅದೂ ಬಲವಾಗಿ. ಹೋದ ವರ್ಷ ಕಂಪ್ಲಿಯಲ್ಲಿ ನನಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದು ಮುಂದಿಟ್ಟಳು. ನಾನು ಅವಳ ಮುಖವನ್ನು ಕೂಡ ಸರಿಯಾಗಿ ನೋಡದೆ, ತಟ್ಟೆಯ ಅಂಚನ್ನು ಕರವಸ್ತ್ರದಿಂದ ಸುತ್ತಲೂ ಒರೆಸಿ, ಚಮಚವನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತಿನ್ನತೊಡಗಿದೆ. ಕಂಪ್ಲಿಗೆ ಅದಿರಿನ ಧೂಳು ಬರುವುದಿಲ್ಲ ಎಂಬುದು ನೆನಪಾದದ್ದು ಹುಡುಗಿಯ ತಾಯಿಯ ಮುಖ ನೋಡಿದ ಮೇಲೆ. ಆ ಸಂಬಂಧ ಉಪ್ಪಿಟ್ಟಿಗಿಂತ ಮುಂದೆ ಹೋಗಲಿಲ್ಲ.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಮುಂದಿನ ಅನಾಹುತದಲ್ಲಿ ಅದರ ಪಾಲೂ ಇದೆ. ನಾನು ಒಂದು ವೇಬ್ರಿಡ್ಜಿನಲ್ಲಿ ಗುಮಾಸ್ತ. ಅದಿರಿನ ಲಾರಿ ಬಂದು ತೂಕದ ಹಲಗೆಯ ಮೇಲೆ ನಿಲ್ಲುತ್ತದೆ, ನಾನು ತೂಕ, ನಂಬರು, ಹೊತ್ತು ಬರೆದು ಚೀಟಿ ಹರಿದು ಕೊಡುತ್ತೇನೆ. ದಿನವಿಡೀ ಹೀಗೆ ಬರೆದೂ ಬರೆದೂ ನನಗೆ ಅಳೆದು ಬರೆದಿಟ್ಟರೆ ಮಾತ್ರ ಒಂದು ವಸ್ತು ಪೂರ್ತಿ ಗೊತ್ತಾದಂತೆ ಎಂಬ ನಂಬಿಕೆ ಬೆಳೆದುಬಿಟ್ಟಿದೆ. ಮನೆಗೆ ಬಂದು ಡೈರಿಯಲ್ಲೂ ಅದೇ ಕಸುಬು. ಯಾವ ದಿನ ಯಾವ ಪಲ್ಯ, ಅವ್ವ ಎಷ್ಟು ಸಲ ಅಂಗಳ ತೊಳೆದಳು, ಎಲ್ಲ ಅದರಲ್ಲಿದೆ. ನನ್ನ ಗೆಳೆಯ ಮಂಜ ಇದನ್ನು ನೋಡಿ, "ಲೇ, ನೀ ಸತ್ತ ಮ್ಯಾಲೆ ಇದನ್ನ ಓದಿದವರು ನಿಮ್ಮ ಮನ್ಯಾಗ ಮನುಷ್ಯರು ಇರಲಿಲ್ಲ, ಬರೇ ಬಕೀಟು ಇದ್ವು ಅಂತ ತಿಳಕೊಂತಾರ" ಎಂದಿದ್ದ.

ಈಗ ಕರಿಗುಂಡಿನ ವಿಷಯ. ನನ್ನ ತಾಯಿಯ ತಂದೆ, ನಾವು ತಾತ ಎನ್ನುವವರು, ಎಮ್ಮಿಗನೂರಿನಲ್ಲಿ ನಮ್ಮ ಮಾವನ ಮನೆಯಲ್ಲಿದ್ದಾರೆ. ಪ್ರಾಯದಲ್ಲಿ ಅವರು ಎತ್ತಿನ ಗಾಡಿ ಹೊಡೆದವರು. ಕಂಪ್ಲಿಯ ಮಿಲ್ಲುಗಳಿಂದ ಅಕ್ಕಿ ಮೂಟೆ ಹೇರಿಕೊಂಡು, ಕಮಲಾಪುರ ದಾಟಿ, ಹೊಸಪೇಟೆ ದಾಟಿ, ಸಂಡೂರಿನ ಅಂಗಡಿಗಳಿಗೆ ಮುಟ್ಟಿಸಿ, ಬರುವಾಗ ಹುಣಸೆಹಣ್ಣು, ಸೌದೆ ಏನು ಸಿಕ್ಕಿತೋ ಅದನ್ನು ತರುತ್ತಿದ್ದರು. ಸಂಡೂರಿನ ಗುಡ್ಡದ ಏರು ಶುರುವಾಗುವ ಜಾಗದಲ್ಲಿ ರಸ್ತೆಗೆ ಹೊಂದಿಕೊಂಡು ಒಂದು ದೊಡ್ಡ ಬಂಡೆ ಇದೆ. ಗಾಡಿಗಳೆಲ್ಲ ಅಲ್ಲಿ ನಿಂತು ಎತ್ತುಗಳಿಗೆ ದಣಿವಾರಿಸಿ, ಜೋಡಿ ಕಟ್ಟಿಕೊಂಡು ಏರು ಹತ್ತುತ್ತಿದ್ದವಂತೆ. ಅದೇ ಕರಿಗುಂಡು. ತಾತನ ಮಾತಿನಲ್ಲಿ ಹೇಳುವುದಾದರೆ, "ಅಮಾಸಿ ಕತ್ತಲದಂಗ ಕರ್ರಗ, ಎಮ್ಮಿ ಮೈಯಂಗ ಮಿರಿಮಿರಿ."

ಈ ಬಂಡೆಗೆ ಈಗ ಕುತ್ತು ಬಂದಿದೆ. ಅದಿರಿನ ಲಾರಿಗಳಿಗೆ ಇರುವ ರಸ್ತೆ ಸಾಲದು, ಅಗಲ ಮಾಡಬೇಕು. ಬಂಡೆ ಅಡ್ಡ. ಮದ್ದು ಇಟ್ಟು ಸಿಡಿಸುತ್ತಾರೆ ಎಂಬ ಸುದ್ದಿ ಎಮ್ಮಿಗನೂರಿಗೆ ಮುಟ್ಟಿದ ದಿನ ತಾತ ಊಟ ಮಾಡಲಿಲ್ಲ ಎಂದು ಮಾವ ಫೋನಿನಲ್ಲಿ ಹೇಳಿದ. ಮಾರನೆಯ ದಿನ ತಾತನೇ ಮಾತಾಡಿದರು. "ನೀ ಓದಿದವ ಅದೀ. ಏನಾರ ಮಾಡಪಾ. ಆ ಗುಂಡು ಹೋತಂದ್ರ ನಾವು ಆ ದಾರ್ಯಾಗ ಹೋಗೇ ಇರಲಿಲ್ಲ ಅಂದಂಗಾಕ್ಕತಿ." ನನ್ನಿಂದ ತಾತ ಹಿಂದೆಂದೂ ಏನೂ ಕೇಳಿರಲಿಲ್ಲ. ನಾನು ರಸ್ತೆಯ ಕೆಲಸ ನೋಡುವ ಇಂಜಿನಿಯರರನ್ನು ಹುಡುಕಿಕೊಂಡು ಹೋದೆ. ಒಳ್ಳೆಯ ಮನುಷ್ಯ. ನನ್ನ ಮಾತು ಕೇಳಿ, "ನೋಡ್ರಿ, ಹಳೇ ಕಾಲದ್ದು, ಮಂದಿ ಗುರ್ತು ಐತಿ ಅಂತ ತೋರಿಸಿದ್ರ ರಸ್ತೆ ನಾಕು ಮಾರು ಆಕಡಿ ಸರಸಾಕ ಬರತೈತಿ. ಒಂದು ಅರ್ಜಿ ಕೊಡ್ರಿ. ಸಂಗಡ ಒಂದು ಫೋಟೋ ಹಚ್ಚರಿ. ಫೋಟೋ ಛಲೋ ಇರಬೇಕು ಮತ್ತ" ಎಂದರು.

ಅರ್ಜಿ ಬರೆಯುವುದು ನನಗೆ ಹಬ್ಬ. ಎಮ್ಮಿಗನೂರಿಗೆ ಹೋಗಿ ತಾತನನ್ನೂ, ಅವರ ಜೊತೆಗೇ ಗಾಡಿ ಹೊಡೆದಿದ್ದ ಫಕೀರಪ್ಪಜ್ಜನನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿದೆ. ಬಂಡೆಯ ಎತ್ತರ ಎಷ್ಟಿರಬಹುದು? ಒಂದು ಗಾಡಿಗೆ ಎಷ್ಟು ಮೂಟೆ? ಒಂದು ಸಲಕ್ಕೆ ಎಷ್ಟು ಗಾಡಿ ನಿಲ್ಲುತ್ತಿದ್ದವು? ಇಬ್ಬರೂ ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ಟು, ಜಗಳವಾಡಿ, ಕೊನೆಗೆ ಹೆಬ್ಬೆಟ್ಟು ಒತ್ತಿದರು. ಊರಿನ ಇನ್ನೂ ಕೆಲವು ಹಿರಿಯರು ಒತ್ತಿದರು. ಅರ್ಜಿಯಲ್ಲಿ ನಾನು "ಕಪ್ಪು ಬಣ್ಣದ, ಹೊಳಪುಳ್ಳ, ಪುರಾತನ ಬಂಡೆ" ಎಂದು ಸ್ಪಷ್ಟವಾಗಿ ಬರೆದೆ. ಹಾಗೆ ಬರೆಯದಿದ್ದರೆ ಈಗ ಎಷ್ಟೋ ಅನುಕೂಲವಾಗುತ್ತಿತ್ತು.

ಮಂಜನಿಗೆ ಹೊಸಪೇಟೆಯಲ್ಲಿ ಫೋಟೋ ಸ್ಟುಡಿಯೋ ಇದೆ. ಮದುವೆ ಇಲ್ಲದ ಭಾನುವಾರ ನೋಡಿ ಇಬ್ಬರೂ ಅವನ ಬೈಕಿನಲ್ಲಿ ಹೊರಟೆವು. ಅವನ ಕ್ಯಾಮೆರಾದಲ್ಲಿ ಹಿಂದಿನ ದಿನದ ಯಾರದೋ ನಾಮಕರಣ ಮುಗಿದು ಸ್ವಲ್ಪ ರೀಲು ಉಳಿದಿತ್ತು. ಒಂದನ್ನೂ ಪೋಲು ಮಾಡಬಾರದು, ಎಲ್ಲ ಸಿದ್ಧವಾದ ಮೇಲೇ ತೆಗೆಯಬೇಕು ಎಂದು ನಾನು ದಾರಿಯುದ್ದಕ್ಕೂ ಅವನಿಗೆ ಹೇಳಿದೆ. ಮಂಜ ಬಂಡೆಯ ಹತ್ತಿರ ಇಳಿದ ಕೂಡಲೇ, "ಇದ್ದಂಗ ಒಂದು ಹೊಡ್ಕೊಂಡು ಬಿಡ್ತೀನಿ ಇರು" ಎಂದು ಕ್ಯಾಮೆರಾ ಎತ್ತಿದ. ನಾನು ಅವನ ಕೈ ಹಿಡಿದು ಕೆಳಗಿಳಿಸಿದೆ. ಹೌದು, ಇದೇ ಕೈಯಿಂದ.

ಏಕೆಂದರೆ ಬಂಡೆ ನೋಡುವ ಹಾಗಿರಲಿಲ್ಲ. ಮೈಮೇಲೆಲ್ಲ ಕೆಂಪು ಧೂಳು ಕೂತಿತ್ತು. ಧೂಳನ್ನು ಉಗುರಿನಿಂದ ಕೆರೆದರೆ ಕೆಳಗೆ ಕಪ್ಪಗೆ ಏನೋ ಗಟ್ಟಿಯಾಗಿ, ಹೆಪ್ಪುಗಟ್ಟಿದ ಡಾಂಬರಿನ ಹಾಗೆ ಮೆತ್ತಿಕೊಂಡಿತ್ತು. ಏರಿನ ಬುಡವಾದ್ದರಿಂದ ಲಾರಿಗಳೆಲ್ಲ ಅಲ್ಲಿ ಗೇರು ಬದಲಿಸಿ ಕರಿ ಹೊಗೆ ಬಿಡುತ್ತವೆ. ಇಷ್ಟು ವರ್ಷದ ಆ ಹೊಗೆಯೇ ಬಂಡೆಗೆ ಅಂಟಿಕೊಂಡಿದೆ ಎಂದು ನಾನು ತೀರ್ಮಾನಿಸಿದೆ. ಇದರ ಅಡಿಯಲ್ಲಿ ತಾತ ಹೇಳಿದ ನಿಜವಾದ ಕಪ್ಪು ಬಂಡೆ ಇದೆ, ಮಿರಿಮಿರಿ ಎನ್ನುತ್ತಿದೆ, ಅದನ್ನು ಹೊರಗೆ ತಂದರೆ ಇಂಜಿನಿಯರರು ಬೆರಗಾಗುತ್ತಾರೆ ಎಂದುಕೊಂಡೆ. ನಮ್ಮೂರಿನ ಯಾರೇ ಆಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು ಎಂದು ಹೇಳಿ ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ನಮ್ಮೂರಿನ ಯಾರೂ ಫೋಟೋ ತೆಗೆಯುವ ಜಾಗಕ್ಕೆ ಸೋಪಿನ ಪುಡಿ, ತೆಂಗಿನ ನಾರು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿರಲಿಲ್ಲ. ನಾನು ಹಾಕಿಕೊಂಡು ಹೋಗಿದ್ದೆ.

ಬಂಡೆಯ ಎದುರಿಗೆ ಶರಣಮ್ಮ ಎಂಬುವಳ ಚಾದಂಗಡಿ ಇದೆ. ಅವಳ ಡ್ರಮ್ಮಿನಿಂದ ಕೊಡದಲ್ಲಿ ನೀರು ತಂದು ನಾವು ಬಂಡೆಗೆ ಹುಯ್ಯುವುದನ್ನು ನೋಡಿ ಅವಳು, "ಯಾಕಪಾ, ಏನು ದೇವರು ಕುಂದ್ರಸ್ತೀರೇನು?" ಎಂದು ಕೇಳಿದಳು.

"ಇಲ್ಲಬೇ, ಫೋಟೋ ತೆಗಿಯಾಕ."

"ಹಂಗಾರ ನನ್ನ ಅಂಗಡಿನೂ ತೊಳದು ಒಂದು ಫೋಟೋ ತೆಗೀರಿ. ಅದನ್ನ ತೊಳದು ಭಾಳ ದಿನಾತು."

ಸೋಪಿನ ಪುಡಿಗೆ ಧೂಳು ಹೋಯಿತು, ಕಪ್ಪು ಜಗ್ಗಲಿಲ್ಲ. ಚಾ ಕುಡಿಯಲು ನಿಂತಿದ್ದ ಲಾರಿ ಡ್ರೈವರ್ ಒಬ್ಬ, ಡೀಸೆಲ್ ಹಚ್ಚಿ ಉಜ್ಜಿದರೆ ಹೋಗುತ್ತದೆ ಎಂದು ಸಲಹೆ ಕೊಟ್ಟು, ತಾನೇ ಒಂದು ಡಬ್ಬಿ ಡೀಸೆಲ್ಲೂ ಕೊಟ್ಟ. ಆ ಪುಣ್ಯಾತ್ಮನ ಉಪಕಾರವನ್ನು ಡೈರಿಯಲ್ಲಿ ಲಾರಿಯ ನಂಬರು ಸಮೇತ ಬರೆದಿದ್ದೇನೆ. ಡೀಸೆಲ್ಲಿಗೆ ಕಪ್ಪು ಕರಗತೊಡಗಿತು. ಪದರ ಪದರವಾಗಿ, ಹಲ್ವದ ಹಾಗೆ ಬಂತು. ಮಂಜ ಬೆರಳಲ್ಲಿ ತೆಗೆದು ಮೂಸಿ ನೋಡಿ, "ಲೇ, ಇದು ಜಿಡ್ಡೈತಲೇ. ಹೊಗಿ ಹಿಂಗ ಇರಂಗಿಲ್ಲ" ಎಂದ.

"ಲಾರಿ ಹೊಗೀಲೇ ಅದು. ಅದರಾಗ ಎಣ್ಣಿ ಇರತೈತಿ."

"ಔಡಲೆಣ್ಣಿ ವಾಸನಿ ಹೊಡ್ಯಾಕತ್ತೈತಿ."

"ನಿನಗ ನೆಗಡಿ ಆಗೈತಿ" ಎಂದು ಹೇಳಿ ನಾನು ಉಜ್ಜುವುದನ್ನು ಮುಂದುವರಿಸಿದೆ.

ಎದೆಯೆತ್ತರದಲ್ಲಿ, ಆ ಕಪ್ಪಿನ ಮೇಲೆ ಉದ್ದುದ್ದ ಗೆರೆಗಳಿದ್ದವು. ನಾಲ್ಕು ನಾಲ್ಕು ಗೆರೆ ಒಟ್ಟಿಗೆ, ಮೇಲಿಂದ ಕೆಳಗೆ, ಒಂದರ ಮೇಲೊಂದು, ಒಂದರ ಪಕ್ಕ ಒಂದು. ಅವನ್ನು ನೋಡಿದ ನೆನಪು ಚೆನ್ನಾಗಿದೆ. ಯಾರೋ ಪುಂಡರು ಗೀಚಿದ್ದಾರೆ ಎಂದು ಬೈದುಕೊಂಡೆ. ಆ ಜಾಗವನ್ನು ಎಲ್ಲಕ್ಕಿಂತ ಹೆಚ್ಚು ಶ್ರದ್ಧೆಯಿಂದ ಉಜ್ಜಿದೆ. ಆದರೆ ಕಪ್ಪಿನ ಕೆಳಗೆ ಕಪ್ಪು ಬಂಡೆ ಸಿಗಲಿಲ್ಲ. ಬಿಳುಪಿಗೆ ಬಿಳುಪು, ಸ್ವಲ್ಪ ಗುಲಾಬಿ ಕಲೆ, ಹಂಪಿಯ ಕಡೆ ಎಲ್ಲಿ ನೋಡಿದರೂ ಬಿದ್ದಿರುತ್ತದಲ್ಲ, ಅಂಥದೇ ಒಂದು ಗುಂಡು ಹೊರಬಂತು. ಆಗಲಾದರೂ ನಿಲ್ಲಿಸಬೇಕಿತ್ತು. ನಾನು ಮಾತ್ರ ಕಪ್ಪು ಇನ್ನೂ ಒಳಗಿರಬೇಕು ಎಂದು ಬಂಡೆಯ ಹಿಂಬದಿಗೂ ಹೋಗಿ ತಿಕ್ಕಿದೆ. ಕಪ್ಪನ್ನು ಹುಡುಕುತ್ತ ಹುಡುಕುತ್ತ ಇದ್ದಬದ್ದ ಕಪ್ಪನ್ನೆಲ್ಲ ತೊಳೆದು ಚರಂಡಿಗೆ ಬಿಟ್ಟೆ. ಕೊನೆಗೆ ಬಿಸಿಲು ನೆತ್ತಿಗೆ ಬಂದು, ಹಿರಿಯರಿಗೆ ಬಣ್ಣದ ನೆನಪು ಸರಿಯಾಗಿ ಇರುವುದಿಲ್ಲ ಎಂದು ನಿರ್ಧರಿಸಿ, ಮಂಜನಿಗೆ ಫೋಟೋ ತೆಗೆಯಲು ಹೇಳಿದೆ. ಎತ್ತರ, ಸುತ್ತಳತೆ ಟೇಪಿನಲ್ಲಿ ಅಳೆದು ಬರೆದುಕೊಂಡೆ. ಬಂಡೆಯ ಬಗ್ಗೆ ಅಳೆಯದೆ ಬಿಟ್ಟದ್ದು ಅಂದರೆ ಅದರ ಮೇಲಿದ್ದ ಜಿಡ್ಡಿನ ದಪ್ಪ ಒಂದೇ.

ಫೋಟೋ ಬಹಳ ಸುಂದರವಾಗಿ ಬಂತು. ಮಂಜ ಅದನ್ನು ದೊಡ್ಡದು ಮಾಡಿ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಎರಡು ಮದುವೆ ಜೋಡಿಗಳ ನಡುವೆ ಇಟ್ಟ. ಒಬ್ಬಾಕೆ ಅದನ್ನು ನೋಡಿ, "ಇದು ಯಾವ ಹಕ್ಕಿ ತತ್ತಿರಿ?" ಎಂದು ಕೇಳಿದಳಂತೆ. ಅರ್ಜಿಗೆ ಒಂದು ಪ್ರತಿ ಹಚ್ಚಿ ಇಂಜಿನಿಯರರ ಕಚೇರಿಯಲ್ಲಿ ಕೊಟ್ಟೆ. ಇನ್ನೊಂದು ಪ್ರತಿಯನ್ನು ಹೊಳೆಯುವ ಕಾಗದದಲ್ಲಿ ಸುತ್ತಿ, ಮುಂದಿನ ಭಾನುವಾರ ಎಮ್ಮಿಗನೂರಿನ ಬಸ್ಸು ಹತ್ತಿದೆ. ತಾತ ಬೆನ್ನು ತಟ್ಟುತ್ತಾರೆ, ಆಗ ನಾನು ವಿನಯದಿಂದ ಏನು ಹೇಳಬೇಕು ಎಂಬುದನ್ನು ದಾರಿಯಲ್ಲಿ ಒಂದೆರಡು ಸಲ ಬಾಯಿಪಾಠ ಮಾಡಿಕೊಂಡೆ.

ತಾತ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಫಕೀರಪ್ಪಜ್ಜ. ಫೋಟೋವನ್ನು ತಾತ ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿ ಹಿಂಬದಿ ನೋಡಿದರು. "ಛಲೋ ಬಂದೈತಿ" ಎಂದು ಹೇಳಿ ಫಕೀರಪ್ಪಜ್ಜನ ಕೈಗೆ ಕೊಟ್ಟು, "ಇದು ಯಾವ ಗುಂಡಪಾ?" ಎಂದರು.

"ಕರಿಗುಂಡು ತಾತ."

"ಕರಿಗುಂಡು ಅಲ್ಲ ಇದು. ನೀ ಬ್ಯಾರೆ ಕಡೆ ಹೋಗಿ ಬಂದೀ."

"ಅದೇ ತಾತ. ಎದುರಿಗೆ ಚಾದಂಗಡಿ ಐತಲ್ಲ. ಭಾಳ ಹೊಲಸಾಗಿತ್ತು. ತೊಳದೆ."

ಇಬ್ಬರೂ ನನ್ನ ಮುಖ ನೋಡಿದರು. ಒಳಗೆ ಒಗ್ಗರಣೆ ಚುರ್ ಎಂದಿತು. "ಏನು ತೊಳದಿ?" ಎಂದರು ತಾತ.

"ಹೊಗಿ ತಾತ. ಕರ್ರಗ ದಪ್ಪಗ ಹತ್ತಿಕೊಂಡಿತ್ತು."

ಆಮೇಲೆ ನನಗೆ ತಿಳಿದದ್ದು ಇಷ್ಟು. ಏರು ಹತ್ತುವ ಮುಂಚೆ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಲೇಬೇಕು, ಇಲ್ಲವಾದರೆ ಗಾಲಿ ಕಚ್ಚಿಕೊಳ್ಳುತ್ತದೆ. ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಸುಟ್ಟ ಹುಲ್ಲಿನ ಬೂದಿ ಕಲಸಿ ಮಾಡಿದ ಕರಿ ಮೆತ್ತೆ ಅದು. ಪ್ರತಿ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ತೂಗುತ್ತಿತ್ತು. ಅಚ್ಚಿಗೆ ಹಚ್ಚಿ ಉಳಿದದ್ದನ್ನು ಗಾಡಿಯವರೆಲ್ಲ ಆ ಬಂಡೆಗೆ ಹಚ್ಚುತ್ತಿದ್ದರು. ನಾಲ್ಕು ಬೆರಳು ಮೇಲಿಂದ ಕೆಳಗೆ ಎಳೆದು. ತಾತ, ತಾತನ ಅಪ್ಪ, ಅವರಿಗಿಂತ ಹಿಂದಿನವರು. ಬಂಡೆ ಕಪ್ಪಾಗಿದ್ದು ಹುಟ್ಟಿನಿಂದಲ್ಲ, ಅವರ ಕೈಗಳಿಂದ.

"ಗುಂಡಪ್ಪಗ ಎಣ್ಣಿ ಏರಸೋದು ಪದ್ಧತಿ. ಅದು ಪೂಜಿ" ಎಂದರು ಫಕೀರಪ್ಪಜ್ಜ.

"ಯಾವ ಪೂಜಿ ಮಾರಾಯ. ಕೈ ಒರಸಾಕ ಅರಿವಿ ಇರಲಿಲ್ಲ, ಗುಂಡಿಗೆ ಒರಸ್ತಿದ್ವಿ."

"ನೀ ಒರಸ್ತಿದ್ದಿ. ನಾ ಕೈ ಮುಗದು ಹಚ್ತಿದ್ದೆ."

"ಕೈತುಂಬ ಕೀಲೆಣ್ಣಿ ಇಟ್ಕೊಂಡು ಹೆಂಗ ಮುಗಿತಿದ್ಯೋ?"

ಅವರಿಬ್ಬರ ಜಗಳ ನಡೆಯುತ್ತಿರುವಾಗ ನಾನು ನೆಲ ನೋಡುತ್ತ ನಿಂತಿದ್ದೆ. ಜಗಳ ಇನ್ನೂ ಸ್ವಲ್ಪ ಹೊತ್ತು ನಡೆಯಲಿ, ನನ್ನ ಸರದಿ ಬರದಿರಲಿ ಎಂದು ಹಾರೈಸುತ್ತಿದ್ದೆ. ಆದರೆ ತಾತ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಪೂಜಿನೋ ಒರಸಿದ್ದೋ, ಕೈ ಅಂತೂ ನಮ್ಮವ. ಕಂಪ್ಲಿ ಮಿಲ್ಲಿನ್ಯಾಗ ನನ್ನ ಹೆಸರಿಲ್ಲ. ಸಂಡೂರು ಅಂಗಡ್ಯಾಗ ಇಲ್ಲ. ಅಲ್ಲಿ ನಾಕು ಬೆರಳಿನ ಗುರ್ತು ಇತ್ತು" ಎಂದರು. ಫೋಟೋವನ್ನು ವಾಪಸು ಇಸಿದುಕೊಂಡು, "ಏನು ಹಾಕಿ ತೊಳದಿ?" ಎಂದು ಕೇಳಿದರು.

"ಸೋಪಿನ ಪುಡಿ. ಆಮ್ಯಾಲೆ ಡೀಸೆಲ್ಲು."

"ಡೀಸೆಲ್ಲು." ತಾತ ಆ ಮಾತನ್ನು ಬಾಯಲ್ಲೇ ಒಮ್ಮೆ ಆಡಿಸಿ ನೋಡಿದರು. "ಹಂಗಾರ ಏನೂ ಉಳದಿರಂಗಿಲ್ಲ."

"ಯಾಕ ನನಗ ಮೊದಲ ಹೇಳಲಿಲ್ಲ ತಾತ?" ಎಂದು ನಾನು ಕೇಳಿದೆ. ಆ ಹೊತ್ತಿನಲ್ಲಿ ಅಂಥ ಪ್ರಶ್ನೆ ಕೇಳಿದ್ದಕ್ಕೂ ನಾಚಿಕೆಯಾಗುತ್ತದೆ.

"ನೀ ಕೇಳಲಿಲ್ಲಲ್ಲಪಾ. ಎತ್ತರ ಎಷ್ಟು, ಮೂಟಿ ಎಷ್ಟು ಅಂತ ಕೇಳಿದಿ. ಹೇಳಿದ್ವಿ" ಎಂದರು ಫಕೀರಪ್ಪಜ್ಜ. ಊಟಕ್ಕೆ ಕೂತಾಗ ನನ್ನ ತಟ್ಟೆ ನೋಡಿ ಅವರೇ, "ಏ, ಅದನ್ನ ತೊಳದು ಕೊಡ್ರವ್ವ. ಇಲ್ಲಾಂದ್ರ ಡೀಸೆಲ್ಲು ಕೇಳತಾನ" ಎಂದು ಒಳಗೆ ಕೂಗಿದರು. ತಾತ ನಗಲಿಲ್ಲ. ನಕ್ಕಿದ್ದರೆ ನಾನು ಊಟ ಮಾಡಬಹುದಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಎಲ್ಲ ಕೇಳಿ, "ತೊಳದಿದ್ದು ತಪ್ಪಂದ್ರ ಹೆಂಗ?" ಎಂದಳು. ಆಮೇಲೆ ಅವಳಿಗೂ ಏನೋ ಅನ್ನಿಸಿರಬೇಕು. "ಅಪ್ಪನ ಅಂಗಿ ತೋಳಿನ ಮ್ಯಾಲೆ ಆ ಕರಿ ಕಲಿ ಯಾವಾಗ್ಲೂ ಇರತಿತ್ತು. ನಮ್ಮವ್ವ ಒಗಿಯೂ ಕಲ್ಲಿಗೆ ಬಡದು ಬಡದು ಸಾಕಾಗಿ ಬಿಟ್ಟುಬಿಟ್ಟಿದ್ಲು" ಎಂದು ಹೇಳಿ, ಒರೆಸುವ ಬಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಆ ಹೊತ್ತಿನಲ್ಲಿ ಹೊರಗೆ ಒರೆಸುವಂಥದ್ದು ಏನೂ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದು ತಪ್ಪು ಎನ್ನಬಹುದಿತ್ತು. ನಾನು ಅದನ್ನು ಸರಿ ಮಾಡಲು ಹೋದೆ. ಇದನ್ನು ಬರೆಯಲು ನನಗೆ ಮೊದಲಿನದಕ್ಕಿಂತ ಹೆಚ್ಚು ಸಂಕೋಚ. ಲಾರಿ ಸಾಮಾನಿನ ಅಂಗಡಿಯಿಂದ ಒಂದು ಡಬ್ಬ ಗ್ರೀಸು ಕೊಂಡು, ಒಬ್ಬನೇ ಹೋಗಿ, ಬಂಡೆಗೆ ಹಚ್ಚಿದೆ. ನಾಲ್ಕು ಬೆರಳು ಮೇಲಿಂದ ಕೆಳಗೆ. ಒಮ್ಮೆ ಬಲಗೈ, ಒಮ್ಮೆ ಎಡಗೈ, ಒಂದಿಷ್ಟು ಎತ್ತರದಲ್ಲಿ, ಒಂದಿಷ್ಟು ತಗ್ಗಿನಲ್ಲಿ, ನೋಡಿದವರಿಗೆ ಬೇರೆ ಬೇರೆ ಕೈ ಎನಿಸಬೇಕು ಎಂದು. ಶರಣಮ್ಮ ಅಂಗಡಿಯಿಂದ ನೋಡುತ್ತಲೇ ಇದ್ದಳು. "ಮೊನ್ನೆ ತೊಳದಿ, ಇವತ್ತು ಮೆತ್ತಾಕತ್ತಿ. ನಿನಗ ಮನ್ಯಾಗ ಕೆಲಸ ಹೇಳೋರು ಯಾರೂ ಇಲ್ಲೇನಪಾ?" ಎಂದಳು. ಮಂಜನಿಗೆ ಬಿಡುವಾದ ಮೇಲೆ ಹೊಸ ಫೋಟೋ ತೆಗೆಸಿ, ಅರ್ಜಿಯಲ್ಲಿದ್ದ ಹಳೆಯದನ್ನು ಬದಲಿಸಿಬಿಡುವುದು ನನ್ನ ಲೆಕ್ಕಾಚಾರ.

ಮಂಜನಿಗೆ ಬಿಡುವಾಗಲು ಒಂದು ವಾರ ಹಿಡಿಯಿತು. ಒಂದು ವಾರ ಅದಿರಿನ ಲಾರಿಗಳಿಗೆ ಬಿಡುವಿರಲಿಲ್ಲ. ನಾವು ಹೋಗಿ ನೋಡಿದರೆ ಹಸಿ ಗ್ರೀಸಿಗೆ ಕೆಂಪು ಧೂಳು ಅಂಟಿಕೊಂಡು ಬಂಡೆ ಅಡಿಯಿಂದ ಮುಡಿಯವರೆಗೆ ಕೆಂಪು ಮಖಮಲ್ಲು ಹೊದ್ದು ಕೂತಿದೆ. ಯಾರೋ ಅದರ ಬುಡದಲ್ಲಿ ಒಂದು ತೆಂಗಿನಕಾಯಿ ಬೇರೆ ಒಡೆದಿದ್ದರು. ಮಂಜ ಕ್ಯಾಮೆರಾ ಎತ್ತಲೂ ಇಲ್ಲ. ನಾನು ಧೂಳನ್ನು ಕೆರೆದು ಮತ್ತೆ ಹೊಸ ಗ್ರೀಸು ಹಚ್ಚಿ, ಹಸಿ ಇರುವಾಗಲೇ ಫೋಟೋ ತೆಗೆಸೋಣ ಎಂದು ಡಬ್ಬಕ್ಕೆ ಮೊಣಕೈವರೆಗೂ ಕೈ ಹಾಕಿದ್ದೆ. ಆಗ ಜೀಪೊಂದು ಬಂದು ನಿಂತಿತು. ಇಂಜಿನಿಯರರು ಇಳಿದರು. ಕೈಯಲ್ಲಿ ನನ್ನ ಅರ್ಜಿ.

ಅವರು ಅರ್ಜಿ ನೋಡಿದರು, ಫೋಟೋ ನೋಡಿದರು, ಬಂಡೆ ನೋಡಿದರು, ಕೊನೆಗೆ ನನ್ನ ಕೈ ನೋಡಿದರು. "ಅರ್ಜಿಯಾಗ ಕರಿ ಗುಂಡು ಅಂತೈತಿ. ಫೋಟೋದಾಗ ಬಿಳಿ ಗುಂಡು ಐತಿ. ಇಲ್ಲಿ ಕೆಂಪು ಗುಂಡು ಐತಿ. ನಾ ಯಾವುದನ್ನ ಉಳಸ್ಲಿ ಹೇಳ್ರಿ?"

ಸುಳ್ಳು ಹೇಳಲು ನನಗೆ ಏನೂ ಹೊಳೆಯಲಿಲ್ಲ. ಹೊಳೆದಿದ್ದರೆ ಹೇಳುತ್ತಿದ್ದೆನೇನೋ. ಎಲ್ಲ ಹೇಳಿದೆ. ಸೋಪಿನ ಪುಡಿ, ಡೀಸೆಲ್ಲು, ಗ್ರೀಸು, ಎಡಗೈ, ಬಲಗೈ, ತಾತ. ಅವರು ಜೀಪಿಗೆ ಒರಗಿ ನಿಂತು ಪೂರ್ತಿ ಕೇಳಿದರು. ನಗಬೇಕೋ ಬೈಯಬೇಕೋ ತಿಳಿಯದೆ ಒಂದೆರಡು ಸಲ ಕನ್ನಡಕ ತೆಗೆದು ಹಾಕಿಕೊಂಡರು.

"ನೋಡ್ರಿ, ಇಂಥ ಬಿಳಿ ಗುಂಡು ಹಂಪಿ ಕಡೆ ರಗಡ ಅದಾವ. ಇದ್ರಾಗ ಏನು ವಿಶೇಷ ಅಂತ ಮ್ಯಾಲಿನವರು ಕೇಳಿದ್ರ ನಾ ಏನು ಹೇಳ್ಲಿ? ನಿಮ್ಮ ಗ್ರೀಸು ತೋರಸ್ಲಿ? ತೊಳ್ಯಾಕ ಮೊದಲಿನ ಫೋಟೋ ಒಂದಾರ ಇಲ್ಲೇನ್ರಿ?"

ಮಂಜ ಕತ್ತು ತಿರುಗಿಸಿ ನನ್ನನ್ನು ನೋಡಿದ.

"ಯಾರ ಹತ್ರಾನರ ಇರತೈತಿ, ಹುಡುಕ್ರಿ. ಯುಗಾದಿ ಮುಗಿಯೂ ತನಕ ಈ ಕಡೆ ಕೆಲಸ ತಗಿಯಂಗಿಲ್ಲ. ಹಳೇ ಫೋಟೋ ತಂದ್ರ ನಾನೇ ಖುದ್ದ ಬರದು ಕಳಸ್ತೀನಿ. ತರಲಿಲ್ಲಂದ್ರ ನನ್ನ ಕೈಯಾಗಿಲ್ಲ" ಎಂದು ಹೇಳಿ ಜೀಪು ಹತ್ತಿದರು. ನಾನು ಶರಣಮ್ಮನ ಅಂಗಡಿಗೆ ಹೋಗಿ, ಸಾಬೂನು ಕೇಳಿ ಇಸಿದುಕೊಂಡು, ಉಗುರಿನ ಸಂದಿ ಕೂಡ ಬಿಡದೆ ಕೈ ತೊಳೆದೆ. ಕೈಗೆ ಹತ್ತಿದ ಜಿಡ್ಡನ್ನು ಒರೆಸಲು ಎದುರಿಗೇ ಒಂದು ಬಂಡೆ ಇತ್ತು ಎಂಬುದು ಹೊಳೆದದ್ದು ಹೊಸಪೇಟೆ ಮುಟ್ಟಿದ ಮೇಲೆ.

ಗ್ರೀಸಿನ ಸುದ್ದಿ ಎಮ್ಮಿಗನೂರಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ತಾತ ಫೋನು ಮಾಡಿಸಿದರು. "ನಾ ಇನ್ನ ಅದೀನಪಾ. ನನ್ನ ಕೈ ನೀ ಯಾಕ ಹಚ್ಚಾಕ ಹೋದಿ?" ಎಂದರು. ನಾನು ತಪ್ಪಾಯಿತು ಎಂದೆ. ಆಮೇಲೆ, "ಫಕೀರಪ್ಪ ಏನೋ ಹೇಳ್ತಾನ ನೋಡು. ಒಮ್ಮಿ ಯಾರೋ ಜೀಪಿನ್ಯಾಗ ಬಂದವರು ನಮ್ಮ ಗಾಡಿ ನಿಲ್ಲಿಸಿ, ಗುಂಡಿನ ಮುಂದ ಎತ್ತು ಹಿಡಕೊಂಡು ನಿಲ್ರಿ ಅಂತ ಹೇಳಿ ಫೋಟೋ ತಗದಿದ್ರಂತ. ನನಗ ನೆನಪಿಲ್ಲ. ಅವ ಸುಳ್ಳ ಹೇಳತಾನ. ಆದ್ರೂ ಹುಡುಕಿ ನೋಡು" ಎಂದರು. ಯಾರು ಬಂದಿದ್ದರು, ಯಾವ ವರ್ಷ, ಎಲ್ಲಿಯವರು ಎಂಬುದು ಫಕೀರಪ್ಪಜ್ಜನಿಗೂ ಗೊತ್ತಿಲ್ಲ. ಜೀಪಿನ ಬಣ್ಣ ಮಾತ್ರ ದಿನಕ್ಕೊಂದು ಹೇಳುತ್ತಾರೆ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದೇನೆಂದರೆ, ನಿಮ್ಮ ಮನೆಯ ಆಲ್ಬಮ್ಮು, ಟ್ರಂಕು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ಹಳೆಯ ಫೋಟೋಗಳನ್ನು ದಯವಿಟ್ಟು ಒಮ್ಮೆ ನೋಡಿ. ಸಂಡೂರಿಗೆ ದಿಬ್ಬಣ ಹೋದಾಗ ಬಸ್ಸು ಕೆಟ್ಟು ಏರಿನ ಬುಡದಲ್ಲಿ ನಿಂತಿರಬಹುದು. ಹೊಸ ಲಾರಿಗೆ ಹಾರ ಹಾಕಿ ಅಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಂಡಿರಬಹುದು. ನಿಮ್ಮ ದೊಡ್ಡಪ್ಪನ ಹೆಗಲ ಹಿಂದೆ ಎಮ್ಮೆಯ ಬೆನ್ನಿನಂಥದೊಂದು ಕರ್ರಗೆ ಮಿಂಚುತ್ತಿದ್ದರೆ ಅದು ಎಮ್ಮೆಯೇ ಎಂದು ಬಿಟ್ಟುಬಿಡಬೇಡಿ. ಜೀಪಿನಲ್ಲಿ ಬಂದವರು ನೀವೇ ಆಗಿದ್ದರಂತೂ, ಜೀಪು ಯಾವ ಬಣ್ಣದ್ದು ಎಂಬುದನ್ನೂ ತಿಳಿಸಿ. ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ಮುಟ್ಟುತ್ತದೆ. ಯುಗಾದಿಯೊಳಗೆ ಬಂದರೆ ಒಳ್ಳೆಯದು. ಫೋಟೋದ ಮೇಲೆ ಎಣ್ಣೆಯ ಕಲೆ, ಬೆರಳಿನ ಗುರುತು ಏನೇ ಇರಲಿ, ಇದ್ದ ಹಾಗೇ ಕಳಿಸಿ, ಒರೆಸಬೇಡಿ. ಇಲ್ಲಿಗೆ ಬಂದ ಮೇಲೂ ಯಾರೂ ಒರೆಸುವುದಿಲ್ಲ. ಲಕೋಟೆಯನ್ನು ನನ್ನ ಕೈಗೆ ಕೊಡದೆ ತಾನೇ ಒಡೆಯುವುದಾಗಿ ಮಂಜ ಮಾತು ಕೊಟ್ಟಿದ್ದಾನೆ.